ರೆಕ್ಕೆಯ ಸಂದಿಗೆ ಟೇಪು

ಭಾಲ್ಕಿಯ ಈ ತಗಡಿನ ಶೆಡ್ಡಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಸುಟ್ಟ ಥರ್ಮಾಕೋಲಿನ ವಾಸನೆ. ಕಾದ ತಂತಿಯಿಂದ ಕೊಯ್ದ ಮಾದರಿ ವಿಮಾನದ ರೆಕ್ಕೆ ಮೇಜಿನ ಮೇಲೆ ಬೋರಲಾಗಿ ಬಿದ್ದಿದೆ. ಬಣ್ಣ ಹೊಡೆದಾಗಿದೆ, ಹೆಸರೂ ಬರೆದಾಗಿದೆ. ಎಲ್ಲರೂ ಬಣ್ಣವನ್ನೇ ಮೊದಲು ಮುಗಿಸುತ್ತಾರೆ.

ಹಿಂದಂಚಿನ ಹತ್ತಿರ ಬಗ್ಗಿ ನೋಡಿ. ರೆಕ್ಕೆ ಮುಗಿದು, ವಿಮಾನವನ್ನು ಹೊರಳಿಸುವ ಐಲೆರಾನ್ ಎಂಬ ಪಟ್ಟಿ ಶುರುವಾಗುವಲ್ಲಿ ಅಲ್ಲಲ್ಲಿ ನೈಲಾನ್ ಬಿಜಾಗರಿ. ಅವುಗಳ ನಡುವಿನ ಸಂದಿಯಲ್ಲಿ ಬಲ್ಬಿನ ಬೆಳಕು ಆಚೆಯಿಂದ ಈಚೆಗೆ ಬರುತ್ತಿದೆ. ಬೆಳಕು ಬಂದಲ್ಲಿ ಗಾಳಿಯೂ ಬರುತ್ತದೆ. ಹಾರುವಾಗ ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಕೆಳಗಿನ ಗಾಳಿ ಈ ಸಂದಿಯಲ್ಲಿ ನುಗ್ಗಿ ಮೇಲೇಳುತ್ತದೆ. ಆಗ ಐಲೆರಾನ್ ಎಷ್ಟು ತಿರುಗಿಸಿದರೂ ವಿಮಾನ ಹೊರಳುವುದಕ್ಕೆ ಸೋಮಾರಿತನ ಮಾಡುತ್ತದೆ.

ಹುಡುಗ ಥಿನ್ನರ್ ಬಾಟಲಿಗೆ ಕೈ ಹಾಕುತ್ತಾನೆ.

"ಏ, ಅದನ್ನ ಮುಟ್ಟಬ್ಯಾಡ. ಥರ್ಮಾಕೋಲ್ ಕರಗಿ ಹೋಗ್ತದ. ಸ್ಪಿರಿಟ್ ತಗೋ."

ಮಾಮಾ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು. ಹುಡುಗ ಅವರ ಅಳಿಯ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಬಟ್ಟೆಯಲ್ಲಿ ಒರೆಸಿದ್ದೇ ತಡ, ಬಿಳಿ ಬಟ್ಟೆ ಕೆಂಪಾಗುತ್ತದೆ. ಜಂಬಿಟ್ಟಿಗೆ ಮಣ್ಣಿನ ಧೂಳು ಇಲ್ಲಿ ಯಾವುದನ್ನೂ ಬಿಡುವುದಿಲ್ಲ.

"ಮಾಮಾ, ಸಪಾಟ ಇಟ್ಟೇ ಸಂದಿಗೆ ಟೇಪ್ ಹಚ್ಚಲೇನ್ರಿ?"

"ಹಂಗ ಹಚ್ಚಿದ್ರ ಆಮ್ಯಾಲ ಮ್ಯಾಲ ಏಳಂಗಿಲ್ಲ. ಪೂರಾ ಎತ್ತಿ ಹಿಡಿ."

ಐಲೆರಾನ್ ಪೂರ್ತಿ ಮೇಲಕ್ಕೆ ಎತ್ತಿದಾಗ ಕೆಳಗಡೆಯ ಸಂದಿ ಅತ್ಯಂತ ಅಗಲವಾಗುತ್ತದೆ. ಟೇಪು ಕೂಡಬೇಕಾದದ್ದು ಆಗಲೇ. ಮಾಮಾ ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಅದನ್ನು ಒಳಕ್ಕೆ ಒತ್ತುತ್ತಾರೆ. ಬಿಟ್ಟಾಗ ಟೇಪು ಸಂದಿಯೊಳಗೆ ಮಡಚಿ ಕೂಡುತ್ತದೆ. ಬ್ಯಾಟರಿ ಜೋಡಿಸಿ ರಿಮೋಟಿನ ಕೋಲು ಆಡಿಸಿದರೆ ಎಡಗಡೆ ಸದ್ದಿಲ್ಲ, ಬಲಗಡೆ ಸರ್ವೋ ಮೋಟಾರು ಗುಂಯ್ ಅನ್ನುತ್ತಿದೆ. ಟೇಪು ಎಲ್ಲೋ ಜಗ್ಗುತ್ತಿದೆ, ಮೋಟಾರು ಅದರೊಂದಿಗೆ ಗುದ್ದಾಡುತ್ತಿದೆ. ಮಾಮಾ ಕಿತ್ತುಹಾಕಿ ಮತ್ತೆ ಹಚ್ಚುತ್ತಾರೆ, ಈ ಸಲ ಇನ್ನೂ ಸಣ್ಣ ಪಟ್ಟಿ. ಐಲೆರಾನಿನ ಬೆನ್ನಿಗೆ ಭಾರ ಏರಿಸಬಾರದು ಎಂಬುದು ಅವರ ಹಟ. ಬಿಜಾಗರಿಯ ಹಿಂದೆ ತೂಕ ಕೂಡಿದಷ್ಟೂ ವೇಗದಲ್ಲಿ ಅದು ಪಟಪಟ ಬಡಿದುಕೊಳ್ಳುವ ಭಯ ಹೆಚ್ಚು. ಫ್ಲಟರ್ ಎನ್ನುವ ಆ ನಡುಕಕ್ಕೆ ದೊಡ್ಡ ವಿಮಾನಗಳ ರೆಕ್ಕೆಗಳೂ ಮುರಿದಿವೆ.

ಥರ್ಮಾಕೋಲು ಎಂದು ಮೂಗು ಮುರಿಯಬೇಡಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1987ರಲ್ಲಿ ಹಾರಿಸಿದ ಪುಟ್ಟ ಕೆನಾರ್ಡ್ (ಮುಂದೆ ಕಿರುರೆಕ್ಕೆಯಿರುವ) ವಿಮಾನದ ಮೂಲ ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜೀ. ಮನೆಯಲ್ಲೇ ಕಟ್ಟಿಕೊಳ್ಳುವವರಿಗೆಂದು ಮಾಡಿದ ಅದರ ರೆಕ್ಕೆಯೂ ಕಾದ ತಂತಿಯಲ್ಲಿ ಕೊಯ್ದ ಫೋಮೇ. ಮೇಲೆ ಗಾಜಿನ ನಾರಿನ ಹೊದಿಕೆ. ಮನುಷ್ಯ ಕೂರುವ ವಿಮಾನದಲ್ಲಿ ಸಂದಿಯ ತಕರಾರು ರೆಕ್ಕೆಗೇ ಮುಗಿಯುವುದಿಲ್ಲ. ಇಂಜಿನ್ನಿನ ತಡೆಗೋಡೆಯನ್ನು ಥ್ರಾಟಲ್ ಕೇಬಲ್ ತೂರುವ ತೂತು ಬಿಗಿಯಾಗಿರದಿದ್ದರೆ ಕಾರ್ಬನ್ ಮೊನಾಕ್ಸೈಡ್ ಪೈಲಟ್‌ನ ಬಳಿ ಬಂದು ಕೂರುತ್ತದೆ, ವಾಸನೆಯೂ ಇಲ್ಲದೆ. ಬೆಂಕಿ ಬಿದ್ದರೆ ಜ್ವಾಲೆಗೂ ಅದೇ ದಾರಿ. ಅಲ್ಲಿ ರಬ್ಬರು ನಡೆಯುವುದಿಲ್ಲ, ಉಕ್ಕಿನ ಗೋಲಿಯಂಥ ಕೀಲೇ ಬೇಕು. ಕೇಬಲ್ ಆಡುತ್ತದೆ, ಬೆಂಕಿ ದಾಟುವುದಿಲ್ಲ.

ಬೆಳಿಗ್ಗೆ ಬೀದರಿಗೆ ಹೋಗಿ ಹೊಸ ಬ್ಯಾಟರಿ ಕೊಂಡು ಹೊರಟರೆ ಚಿದ್ರಿಯ ವಾಯುನೆಲೆ ಕಡೆಯಿಂದ ಹಾಕ್ ತರಬೇತಿ ವಿಮಾನದ ಸದ್ದು ಎದೆಗೆ ಬಂದು ಗುದ್ದುತ್ತದೆ. 1996ರಲ್ಲಿ ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣ ಹುಟ್ಟಿದ ಊರು ಬೀದರ್. ಎಚ್‌ಎಎಲ್ ಕಟ್ಟಿದ ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದ ತಂಡ 2011ರಲ್ಲಿ ನಿಂತು, 2015ರಲ್ಲಿ ಹಾಕ್‌ಗಳೊಂದಿಗೆ ಮತ್ತೆ ಎದ್ದಿತು. ಇಂಥ ಊರಲ್ಲಿ ಮಾದರಿ ವಿಮಾನ ಬಿಡುವ ಮಾತೇ ಇಲ್ಲ. ಅದಕ್ಕೇ ಮಾಂಜ್ರಾ ದಾಟಿ ಔರಾದ್ ಕಡೆ ಹೊರಟಿದ್ದು, ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣದ, ಹಾರಿಸಲು ಅಡ್ಡಿಯಿಲ್ಲದ ಜಾಗ ಹುಡುಕಿಕೊಂಡು.

ತೊಗರಿ ಕೊಯ್ದ ಹೊಲ. ಹುಡುಗ ಓಡಿ ಎಸೆಯುತ್ತಾನೆ. ವಿಮಾನ ಒಂದು ಸಲ ಕುಸಿದು ಏರುತ್ತದೆ. ಮಾಮಾ ಕೋಲು ಎಡಕ್ಕೆ ತುಸುವೇ ತಳ್ಳಿದ್ದು, ರೆಕ್ಕೆ ತಕ್ಷಣ ವಾಲಿತು. ಅರ್ಧ ಸೆಕೆಂಡೂ ತಡವಿಲ್ಲ. ಹುಡುಗ ಸೀಟಿ ಹೊಡೆಯುತ್ತಾನೆ.

ಕೂಳೆಯ ಮೇಲೆ ಇಳಿದ ಮೇಲೆ ಇಬ್ಬರೂ ಬೋರಲು ಮಾಡಿ ನೋಡುತ್ತಾರೆ. ಬಲರೆಕ್ಕೆಯ ತುದಿಯಲ್ಲಿ ಟೇಪಿನ ಮುಂದಂಚು ಉಗುರಿನಷ್ಟು ಎದ್ದಿದೆ, ಅಂಟಿಗೆ ಕೆಂಪು ಧೂಳು ಮೆತ್ತಿದೆ.

"ಇನ್ನೊಂದ್ ಸಲ ಬಿಡೋಣೇನ್ರಿ ಮಾಮಾ?"

"ಮೊದಲ ಅದನ್ನ ಕಿತ್ತು ಸ್ಪಿರಿಟ್ ಹಚ್ಚು."