ಗರ್ಭಿಣಿಯ ರಕ್ತದೊತ್ತಡವೂ ತಾಯಿಯ ಮೇಲಿನ ದೋಷಾರೋಪವೂ

ಗರ್ಭಿಣಿಗೆ ಎಂಟನೆಯ ತಿಂಗಳು ನಡೆಯುವಾಗ ಗುರುಗಳನ್ನು ಮನೆಗೆ ಬರಮಾಡಿಕೊಂಡು, ಗರ್ಭಸ್ಥ ಶಿಶುವಿನ ಹೆಸರಿನಲ್ಲಿ ಲಿಂಗಧಾರಣೆ ಮಾಡಿಸುವ ಸಂಸ್ಕಾರವು ನಮ್ಮ ಸಮಾಜದಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಹುಟ್ಟುವ ಕೂಸು ಹೆಣ್ಣೋ ಗಂಡೋ, ಜಾಣನೋ ಮಂದಬುದ್ಧಿಯೋ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಬೆಳಕನ್ನು ಕಾಣುವ ಮೊದಲೇ ಅದು ನಮ್ಮವರಲ್ಲಿ ಒಂದಾಗಿಬಿಡುತ್ತದೆ. ಇಂತಹ ಉದಾರವಾದ ಸಂಸ್ಕಾರವುಳ್ಳ ಮನೆಗಳಲ್ಲಿಯೇ, ಆ ಕೂಸು ಮೂರು ವರ್ಷ ತುಂಬಿದರೂ ಮಾತನಾಡದಿದ್ದಾಗ, "ಬಸುರಿಯಿದ್ದಾಗ ಅವಳು ಏನು ಮಾಡಿದ್ದಳೋ" ಎಂಬ ಪ್ರಶ್ನೆ ಏಳುವುದನ್ನು ಕಂಡಾಗ ನಮಗೆ ಬಹಳ ನೋವಾಗುತ್ತದೆ.

ಕಮತಗಿಯ ನಮ್ಮ ಬಂಧುಗಳ ಮನೆಯಲ್ಲಿ ಐದು ವರ್ಷದ ಒಬ್ಬ ಬಾಲಕನಿದ್ದಾನೆ. ಅವನಿಗಿರುವುದು ಆಟಿಸಂ, ಅಂದರೆ ಸ್ವಲೀನತೆ, ಎಂದು ವೈದ್ಯರು ತಿಳಿಸಿದ್ದಾರೆ. ಅವನು ಗರ್ಭದಲ್ಲಿದ್ದಾಗ ತಾಯಿಗೆ ರಕ್ತದೊತ್ತಡ ಏರಿ, ದಿನ ತುಂಬುವ ಮೊದಲೇ ಶಸ್ತ್ರಕ್ರಿಯೆಯಿಂದ ಹೆರಿಗೆಯಾಗಿತ್ತು. ಗರ್ಭಿಣಿಯ ರಕ್ತದೊತ್ತಡಕ್ಕೂ ಮಗುವಿನ ಆಟಿಸಂಗೂ ಸಂಬಂಧವಿದೆಯೆಂಬ ಸುದ್ದಿಯನ್ನು ಓದಿದ ಬಂಧುವೊಬ್ಬರು, ಮದುವೆಯ ಪಂಕ್ತಿಯಲ್ಲಿ ಕುಳಿತು ಅದನ್ನು ದೊಡ್ಡ ದನಿಯಲ್ಲಿಯೇ ಹೇಳಿದರು. ಅಂದಿನಿಂದ ಆ ತಾಯಿ ಸಮಾರಂಭಗಳಿಗೆ ಬರುವುದನ್ನೇ ಬಿಟ್ಟಳು. ಈಗ ಅವಳು ಮತ್ತೆ ಗರ್ಭಿಣಿ. ಕಳೆದ ಶ್ರಾವಣದಲ್ಲಿ ನಾವು ಅವರ ಮನೆಗೆ ಹೋದಾಗ, "ಕಾಕಾ, ನನ್ನ ಬಿ.ಪಿ.ಯಿಂದನ ಇಂವ ಹಿಂಗಾದನೇನ್ರಿ?" ಎಂದು ಕೇಳಿದಳು. ಸಮಾಧಾನದ ನಾಲ್ಕು ಮಾತು ಹೇಳಿ ಎದ್ದುಬರುವುದು ನಮ್ಮಿಂದಾಗಲಿಲ್ಲ. ಬಲ್ಲ ವೈದ್ಯರನ್ನು ಕೇಳಿ, ದೊರೆತುದನ್ನು ಓದಿ ತಿಳಿದುದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ಸುದ್ದಿ ಸುಳ್ಳಲ್ಲ. ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಗರ್ಭಾವಸ್ಥೆಯಲ್ಲಿ ರಕ್ತದೊತ್ತಡ ಏರಿದ್ದ ತಾಯಂದಿರ ಮಕ್ಕಳಲ್ಲಿ ಆಟಿಸಂ ಸಂಭವವು ಶೇಕಡಾ 35ರಷ್ಟು ಹೆಚ್ಚೆಂದು ಹೇಳಿದ್ದಾರೆ. ಶೇಕಡಾ 35 ಎಂಬ ಮಾತು ಕಿವಿಗೆ ಭಯಂಕರವಾಗಿ ಕೇಳಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಬೇಕು. ಸಾವಿರ ಮಕ್ಕಳಲ್ಲಿ 10 ಮಕ್ಕಳಿಗೆ ಆಟಿಸಂ ಇರುತ್ತದೆಂದು ಇಟ್ಟುಕೊಂಡರೆ, ಒತ್ತಡವಿದ್ದ ತಾಯಂದಿರ ಸಾವಿರ ಮಕ್ಕಳಲ್ಲಿ ಅದು 13 ಅಥವಾ 14 ಆಗುತ್ತದೆ. ಉಳಿದ 986 ಮಕ್ಕಳಿಗೆ ಅದು ಇರುವುದಿಲ್ಲ. ಹೆಚ್ಚಾದ ಆ ಮೂರು ನಾಲ್ಕು ಮಕ್ಕಳಿಗೂ ಒತ್ತಡವೇ ಕಾರಣವೆಂದು ಈ ಲೆಕ್ಕದಿಂದ ಸಿದ್ಧವಾಗುವುದಿಲ್ಲ. ದಿನ ತುಂಬದ ಹೆರಿಗೆ, ಮಧುಮೇಹ, ವಂಶದ ಗುಣ ಇವೆಲ್ಲ ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಸೀರೆಯಲ್ಲಿ ಎರಡು ಎಳೆಗಳು ಅಕ್ಕಪಕ್ಕದಲ್ಲಿದ್ದ ಮಾತ್ರಕ್ಕೆ ಒಂದು ಇನ್ನೊಂದನ್ನು ನೇಯಿತೆಂದು ನೇಕಾರರ ಊರಿನವರಾದ ನಾವು ಹೇಳಲಾದೀತೆ?

ತಾಯಿಯ ಮೇಲೆ ದೋಷ ಹೊರಿಸುವ ಈ ಚಾಳಿ ಕೇವಲ ನಮ್ಮ ಹಳ್ಳಿಗಳದ್ದಲ್ಲ. 1943ರಲ್ಲಿ ಅಮೇರಿಕೆಯ ಲಿಯೋ ಕಾನರ್ ಎಂಬ ವೈದ್ಯರು 11 ಮಕ್ಕಳನ್ನು ಪರೀಕ್ಷಿಸಿ ಆಟಿಸಂ ಕುರಿತು ಮೊದಲ ಪ್ರಸಿದ್ಧ ಲೇಖನ ಬರೆದರು. ಮುಂದೆ ದೊಡ್ಡ ವಿದ್ವಾಂಸರೇ, ತಾಯಿಯ ಮನಸ್ಸು ಮಂಜುಗಡ್ಡೆಯಂತೆ ತಣ್ಣಗಿರುವುದರಿಂದ ಮಗು ಹೀಗಾಗುತ್ತದೆಂದು ಸಾರಿದರು. ಬ್ರೂನೋ ಬೆಟೆಲ್‌ಹೈಮ್ ಎಂಬವರು 1967ರಲ್ಲಿ ಈ ಬಗೆಗೆ ಒಂದು ಗ್ರಂಥವನ್ನೇ ಬರೆದರು. ಅದಕ್ಕೂ ಮೂರು ವರ್ಷ ಮೊದಲು, ಸ್ವತಃ ಇಂತಹ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ದೇಹದ ವಿಷಯ, ತಾಯಿಯ ದೋಷವಲ್ಲವೆಂದು ವಾದಿಸಿದ್ದರು. 1977ರಲ್ಲಿ ಲಂಡನ್ನಿನಲ್ಲಿ 21 ಜೋಡಿ ಅವಳಿಗಳ ಅಧ್ಯಯನ ನಡೆಯಿತು. ತದ್ರೂಪ ಅವಳಿಗಳ ಕೆಲವು ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಭಿನ್ನರೂಪದ ಅವಳಿಗಳಲ್ಲಿ ಅಂತಹ ಒಂದು ಜೋಡಿಯೂ ಇರಲಿಲ್ಲ. ಇದರಲ್ಲಿ ವಂಶದ ಪಾತ್ರ ದೊಡ್ಡದೆಂದು ಆಗ ತಿಳಿಯಿತು. ಅಷ್ಟರಲ್ಲಿ ಎಷ್ಟು ತಾಯಂದಿರು ಕಣ್ಣೀರು ಹಾಕಿದ್ದರೋ!

ಹಾರ್ಮೋನುಗಳ ವಿಚಾರವೂ ಇದಕ್ಕೆ ಹೊಂದಿಕೊಂಡೇ ಇದೆ. ಗರ್ಭಿಣಿಯ ದೇಹದಲ್ಲಿ ಹಾರ್ಮೋನುಗಳ ಹೊಸ ಸಂಸಾರವೇ ಹೂಡಿಕೊಂಡಿರುತ್ತದೆ. ಅವುಗಳ ಪ್ರಭಾವದಿಂದ ರಕ್ತನಾಳಗಳು ಸಡಿಲಗೊಂಡು ಮಧ್ಯದ ತಿಂಗಳುಗಳಲ್ಲಿ ಒತ್ತಡವು ಸಾಮಾನ್ಯವಾಗಿ ತುಸು ಇಳಿಯಬೇಕು. ಕೆಲವರಲ್ಲಿ ಮಾತ್ರ ಮಾಸು ಸರಿಯಾಗಿ ಬೇರೂರದೆ, ರಕ್ತನಾಳಗಳ ಆರೋಗ್ಯಕ್ಕೆ ಬೇಕಾದ ಅಂಶವನ್ನು ಹೀರಿಬಿಡುವ ಒಂದು ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಇದನ್ನು ಭಾರತೀಯ ಮೂಲದ ಅನಂತ್ ಕರುಮಾಂಚಿ ಮತ್ತು ಅವರ ಸಂಗಡಿಗರು ಬೋಸ್ಟನ್ನಿನಲ್ಲಿ 2003ರಲ್ಲಿ ತೋರಿಸಿಕೊಟ್ಟರು. ಆ ಪ್ರೋಟೀನು ಹುಟ್ಟುವುದು ಮಾಸಿನಲ್ಲಿ. ಸೊಸೆಯ ಸಿಟ್ಟಿನಲ್ಲಿಯೂ ಅಲ್ಲ, ಅವಳು ಗ್ರಹಣದ ದಿನ ಹೊರಗೆ ಬಂದುದರಿಂದಲೂ ಅಲ್ಲ.

ಇನ್ನು ಔಷಧದ ಆಸೆ. ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ಮೂಗಿನ ಮೂಲಕ ಕೊಟ್ಟರೆ ಇಂತಹ ಮಕ್ಕಳು ಜನರೊಡನೆ ಬೆರೆಯುತ್ತಾರೆಂದು ಬಹಳ ನಿರೀಕ್ಷೆಯಿತ್ತು. 290 ಮಕ್ಕಳ ಮೇಲೆ ಅಮೇರಿಕೆಯಲ್ಲಿ ನಡೆದ ಪರೀಕ್ಷೆಯ ಫಲ 2021ರಲ್ಲಿ ಹೊರಬಂದಿತು. ಬರಿಯ ಔಷಧದ ಹೆಸರಿನ ನೀರಿಗಿಂತ ಅದರಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಬ್ಯುಮೆಟನೈಡ್ ಎಂಬ ಮೂತ್ರವರ್ಧಕ ಮಾತ್ರೆಯ ದೊಡ್ಡ ಪರೀಕ್ಷೆಗಳೂ ಅದೇ ವರ್ಷ ಫಲ ಕಾಣದೆ ನಿಂತವು. ಆದುದರಿಂದ ಯಾರಾದರೂ ಹಾರ್ಮೋನು ಚಿಕಿತ್ಸೆಯಿಂದ ಆಟಿಸಂ ಗುಣಪಡಿಸುತ್ತೇವೆಂದು ಹಣ ಕೇಳಿದರೆ ಓದುಗ ಬಂಧುಗಳು ಎರಡು ಸಲ ಯೋಚಿಸಬೇಕು. ಮಾತು, ಆಟ, ನಿತ್ಯದ ಕೆಲಸಗಳ ತರಬೇತಿಯನ್ನು ಬೇಗ ಆರಂಭಿಸುವುದೇ ಸದ್ಯಕ್ಕೆ ಪ್ರಯೋಜನಕಾರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಿಳಿದವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿರುವುದರಿಂದ ಈ ಮಕ್ಕಳಿಗೆ ಪ್ರಮಾಣಪತ್ರವೂ ಸೌಲಭ್ಯಗಳೂ ಇವೆ.

ಹಾಗಾದರೆ ರಕ್ತದೊತ್ತಡವನ್ನು ಲಕ್ಷಿಸಬೇಕಾಗಿಲ್ಲವೆ? ಖಂಡಿತ ಲಕ್ಷಿಸಬೇಕು, ಆದರೆ ತಾಯಿಯನ್ನು ದೂರುವುದಕ್ಕಲ್ಲ, ಉಳಿಸಿಕೊಳ್ಳುವುದಕ್ಕೆ. ಈ ವಿಷಯದಲ್ಲಿ ನಮ್ಮ ಸೀಮೆಯಲ್ಲಿಯೇ ಒಂದು ಮಹತ್ವದ ಕಾರ್ಯ ನಡೆದಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2014ರ ನವೆಂಬರಿನಿಂದ 2016ರವರೆಗೆ ಹದಿನಾಲ್ಕು ಸಾವಿರಕ್ಕೂ ಮಿಕ್ಕಿದ ಗರ್ಭಿಣಿಯರನ್ನು ಒಳಗೊಂಡ ಅಧ್ಯಯನವದು. ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದ ಡಾ. ಶಿವಪ್ರಸಾದ ಗೌಡರ, ಡಾ. ಮೃತ್ಯುಂಜಯ ಬೆಲ್ಲದ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯದ ಡಾ. ಆಶಾಲತಾ ಮಲ್ಲಾಪುರ ಮೊದಲಾದವರು ಅದರಲ್ಲಿ ದುಡಿದರು. ಅರ್ಧ ಕೇಂದ್ರಗಳಲ್ಲಿ ಆಶಾ ಕಾರ್ಯಕರ್ತೆಯರೂ ದಾದಿಯರೂ ಮನೆಮನೆಗೆ ಹೋಗಿ, ಮೊಬೈಲಿನ ಮಾರ್ಗದರ್ಶನದಲ್ಲಿ ಒತ್ತಡ ಅಳೆದು, ಅಗತ್ಯವಿದ್ದವರಿಗೆ ಮೀಥೈಲ್‌ಡೋಪಾ ಮಾತ್ರೆ, ಸೆಳವಿನ ಭಯವಿದ್ದಲ್ಲಿ ಮೆಗ್ನೀಶಿಯಂ ಸಲ್ಫೇಟ್ ಚುಚ್ಚುಮದ್ದು, ಕೂಡಲೆ ಆಸ್ಪತ್ರೆಗೆ ರವಾನೆ ಎಂಬ ಕ್ರಮವನ್ನು ಅನುಸರಿಸಿದರು.

ಫಲವೇನೆಂದರೆ, ಒಟ್ಟಾರೆ ಸಾವು ನೋವುಗಳಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಸಂಶೋಧಕರು ಅದನ್ನು 2020ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಈ ಪ್ರಾಮಾಣಿಕತೆಯನ್ನು ನಾವು ಕಾಯಕನಿಷ್ಠೆಯೆಂದೇ ಭಾವಿಸುತ್ತೇವೆ. ಆದರೆ ನಮ್ಮ ನಾಡಿನ ಜೊತೆಗೆ ಪಾಕಿಸ್ತಾನ, ಮೊಜಾಂಬಿಕ್‌ಗಳ ಫಲಗಳನ್ನೂ ಕೂಡಿಸಿ ನೋಡಿದಾಗ, ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಇಂತಹ ತಪಾಸಣೆ ಪಡೆದವರ ಸ್ಥಿತಿ ಉತ್ತಮವಾಗಿತ್ತು. ಒಂದೆರಡು ಸಲ ಅಳೆದು ಬಿಟ್ಟರೆ ಸಾಲದು. ಇದೇ ಭಾಗದಲ್ಲಿ ವಿಚಾರಿಸಿದಾಗ ಜನರಿಗೆ 'ಬಿ.ಪಿ.' ಎಂಬ ಶಬ್ದ ಗೊತ್ತಿತ್ತು, ಗರ್ಭಿಣಿಯರ ಈ ಕಾಯಿಲೆಗೆ ಮಾತ್ರ ಕನ್ನಡದಲ್ಲಿ ಹೆಸರೇ ಇರಲಿಲ್ಲ. ಹೆಸರಿಲ್ಲದ ಬೇನೆಗೆ ಜನ ತಮಗೆ ತೋಚಿದ ಕಾರಣ ಕಟ್ಟುವುದು ಸಹಜವೇ.

ನಮ್ಮಲ್ಲಿ ಕುಬಸದ ಕಾರ್ಯ ಮುಗಿದ ಮೇಲೆ ಮಗಳು ಹೆರಿಗೆಗೆಂದು ತವರಿಗೆ ಹೋಗುತ್ತಾಳೆ. ಒತ್ತಡ ಏರುವ ಅಪಾಯ ಹೆಚ್ಚಾಗಿರುವುದು ಆ ಕೊನೆಯ ತಿಂಗಳುಗಳಲ್ಲಿಯೇ. ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಅವಳು ಹೋದುದು ತಿಳಿಯುವುದಿಲ್ಲ, ತವರೂರಿನವಳಿಗೆ ಬಂದುದು ತಿಳಿಯುವುದಿಲ್ಲ. ಬುತ್ತಿಯ ಗಂಟಿನಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲವೂ ಹೋಗುತ್ತವೆ. ತಾಯಿ ಕಾರ್ಡು ಗಂಡನ ಮನೆಯ ಗೂಡಿನಲ್ಲಿಯೇ ಉಳಿದಿರುತ್ತದೆ. ಬೀಗರಾದವರು ಮೊದಲು ಆ ಕಾರ್ಡನ್ನು ಕೇಳಿ ಪಡೆಯಲಿ. ಒತ್ತಡವು 140/90 ಮುಟ್ಟಿದರೆ, ವಿಪರೀತ ತಲೆಶೂಲೆ, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು, ಮುಖ ಕೈಗಳ ಹಠಾತ್ ಬಾವು ಕಂಡರೆ ಮುಹೂರ್ತ, ಅಮಾವಾಸ್ಯೆ ನೋಡದೆ ಆಸ್ಪತ್ರೆಗೆ ಹೊರಡಬೇಕು. ಮೆಗ್ನೀಶಿಯಂ ಸಲ್ಫೇಟಿನಿಂದ ಸೆಳವಿನ ಅಪಾಯ ಅರ್ಧಕ್ಕೂ ಹೆಚ್ಚು ತಗ್ಗುತ್ತದೆಂದು 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಪರೀಕ್ಷೆಯಿಂದ 2002ರಲ್ಲಿಯೇ ಸಿದ್ಧವಾಗಿದೆ.

ಈ ಎಲ್ಲವನ್ನೂ ನಾವು ಆ ತಾಯಿಗೂ ಅವಳ ಅತ್ತೆಗೂ ಎದುರಿಗೆ ಕೂಡ್ರಿಸಿಕೊಂಡು ಹೇಳಿದೆವು. ಅತ್ತೆ ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಈ ಸಲ ತವರಿಗೆ ನಾನೂ ಸಂಗಾಟ ಹೋಗ್ತೀನ್ರಿ, ಕಾರ್ಡು ನನ್ನ ಕಡೆ ಇರ್ಲಿ" ಎಂದರು. ಸೊಸೆಗೆ ಈಗ ಏಳನೆಯ ತಿಂಗಳು. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆ ಬಂದು ಒತ್ತಡ ನೋಡುತ್ತಾಳೆ; ಕಳೆದ ವಾರ 124/80 ಇತ್ತು. ಬಾಲಕನು ಮಗ್ಗದ ಕಂಡಿಕೆಗಳನ್ನು ಬಣ್ಣಬಣ್ಣವಾಗಿ ಸಾಲುಹಚ್ಚುವುದನ್ನು ಬಿಟ್ಟು ಬಂದು, ತಾಯಿಯದಾದ ಕೂಡಲೆ ತನ್ನ ತೋಳನ್ನೂ ಮುಂದೆ ಚಾಚುತ್ತಾನಂತೆ. ಅವಳು ಅವನಿಗೂ ಪಟ್ಟಿ ಸುತ್ತಿ, ಗಾಳಿ ತುಂಬದೆ ಬಿಚ್ಚುತ್ತಾಳೆ.