ಮುಂಚಿನ ವಿಮಾನ

ಸಕ್ರೆಬೈಲಿನ ನಮಗೆ ಬೇಗ ಹೊರಡುವುದೆಂದರೆ ಬಹಳ ವರ್ಷ ಒಂದೇ ಅರ್ಥವಿತ್ತು. ತೀರ್ಥಹಳ್ಳಿ ಕಡೆಯಿಂದ ಬರುವ ಬೆಳಗಿನ ಮೊದಲ ಬಸ್ಸಿಗೆ ಕೈ ತೋರಿಸಿ ಹತ್ತುವುದು, ಹದಿನಾಲ್ಕು ಕಿಲೋಮೀಟರು ದೂರದ ಶಿವಮೊಗ್ಗ ಸೇರುವುದು, ಅಲ್ಲಿಂದ ಬೆಂಗಳೂರಿನ ರೈಲನ್ನೋ ಬಸ್ಸನ್ನೋ ಹಿಡಿಯುವುದು. ಒಂದು ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು. ಮುಂಚಿನದಕ್ಕೆ ಹತ್ತಿದರೆ ದಂಡವಿಲ್ಲ, ಹಿಂದಿನದಕ್ಕೆ ಹತ್ತಿದರೆ ಬೈಗುಳವಿಲ್ಲ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂದಿಳಿಯಿತು. ಅಂದಿನಿಂದ ನಮ್ಮ ಕಡೆಯ ಹೆಂಗಸರ ಬಾಯಿಗೂ 'ಪ್ರಿಪೋನ್' ಎಂಬ ಮಾತು ಬಂದು ಕೂತಿದೆ. "ಟಿಕೆಟ್ಟು ಮಧ್ಯಾಹ್ನಕ್ಕಿತ್ತು ಕಣ್ರೀ, ಮಗ ಬೆಳಗ್ಗೆಗೆ ಪ್ರಿಪೋನ್ ಮಾಡ್ಸಿದ" ಎಂದು ತರಕಾರಿ ಅಂಗಡಿಯ ಮುಂದೆ ನಿಂತು ಹೇಳುವವರನ್ನು ನಾನೇ ಕೇಳಿದ್ದೇನೆ.

ಮುಂಚಿನ ವಿಮಾನಕ್ಕೆ ಬದಲಾಯಿಸಿಕೊಳ್ಳಬೇಕೋ ಬೇಡವೋ? ಪ್ರಶ್ನೆ ಹೊಸದು ಅನ್ನಿಸುತ್ತದೆ. ಆದರೆ ಮದುವೆಮನೆಗೆ ಹಿಂದಿನ ದಿನವೇ ಹೋಗುವುದೋ ಮುಹೂರ್ತದ ಹೊತ್ತಿಗೆ ಹೋಗುವುದೋ ಎಂದು ನಾವು ತಲೆ ಕೆಡಿಸಿಕೊಂಡಿದ್ದು ಎಷ್ಟು ಸಲವಿಲ್ಲ? ಮುಂಚೆ ಹೋದವಳಿಗೆ ಹೂ ಕಟ್ಟುವ, ತರಕಾರಿ ಹೆಚ್ಚುವ ಕೆಲಸ. ತಡವಾಗಿ ಹೋದವಳಿಗೆ ನಾಲ್ಕು ಮಾತು. ಯಾವುದು ಲಾಭ ಎನ್ನುವುದು ಹೋಗುವವಳ ಮನೆಯಲ್ಲಿ ಬಿಟ್ಟು ಬರುವ ಕೆಲಸದ ಮೇಲೂ ನಿಂತಿರುತ್ತದೆ.

ಮೊದಲು ಲಾಭದ ಮಾತು. ಬೆಳಗಿನ ವಿಮಾನ ಸಾಮಾನ್ಯವಾಗಿ ಹೊತ್ತಿಗೆ ಸರಿಯಾಗಿ ಹೊರಡುತ್ತದೆ ಎನ್ನುವುದು ನಿಜ. ಇದರ ಗುಟ್ಟು ತಿಳಿಯಲು ನಮ್ಮ ಶಿವಮೊಗ್ಗ–ಭದ್ರಾವತಿ ಬಸ್ಸನ್ನು ನೋಡಿದರೆ ಸಾಕು. ಬೆಳಗಿನ ಮೊದಲ ಟ್ರಿಪ್ಪಿಗೆ ಬಸ್ಸು ನಿಲ್ದಾಣದಲ್ಲೇ ತೊಳೆದು ನಿಂತಿರುತ್ತದೆ. ಹತ್ತು ಗಂಟೆಯ ಟ್ರಿಪ್ಪಿನಲ್ಲಿ ಒಂದು ಕಡೆ ಐದು ನಿಮಿಷ, ಇನ್ನೊಂದು ಕಡೆ ಹತ್ತು ನಿಮಿಷ ಸೋರುತ್ತದೆ. ಸಂಜೆಯ ಹೊತ್ತಿಗೆ ಅದೇ ಬಸ್ಸು ಮುಕ್ಕಾಲು ಗಂಟೆ ತಡ. ವಿಮಾನವೂ ಹಾಗೆಯೇ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ, ಬೆಳಗಿನ ಊರಿನಲ್ಲಾದ ತಡವನ್ನು ಸಂಜೆಯ ಊರಿಗೂ ಹೊತ್ತು ತರುತ್ತದೆ. ಆದ್ದರಿಂದ ಸಂಜೆಯದನ್ನು ಬಿಟ್ಟು ಬೆಳಗಿನದಕ್ಕೆ ಹತ್ತಿದವರು ಗೆದ್ದರೆ ಅದು ಬರೀ ಅದೃಷ್ಟವಲ್ಲ.

ಆದರೆ ಮುಂಚಿನದೆಲ್ಲ ಒಳ್ಳೆಯದೆಂದು ಹೊರಟರೆ ಮಂಜು ಅಡ್ಡ ಬರುತ್ತದೆ. ಡಿಸೆಂಬರ್, ಜನವರಿಯ ಮುಂಜಾನೆ ದೇವನಹಳ್ಳಿಯ ನಿಲ್ದಾಣದ ಮೇಲೆ ಮಂಜು ಕವಿದರೆ ಮೊದಲ ವಿಮಾನಗಳೇ ಸೂರ್ಯನನ್ನು ಕಾಯುತ್ತ ನಿಲ್ಲುತ್ತವೆ. ಮಳೆಗಾಲದಲ್ಲಿ ನಮ್ಮ ಸೋಗಾನೆಯ ಮೇಲೆ ಮೋಡ ಇಳಿದರಂತೂ, ಇಲ್ಲಿಯವರೆಗೆ ಬಂದ ವಿಮಾನ ಇಳಿಯಲಾಗದೆ ಮರಳಿ ಹೋದದ್ದೂ ಉಂಟು. ಹೆಂಗಸರಾದ ನಾವು ಲೆಕ್ಕ ಹಾಕಬೇಕಾದ ಇನ್ನೊಂದು ಸಂಗತಿಯಿದೆ. ಬೆಳಗಿನ ಐದೂವರೆಯ ವಿಮಾನವೆಂದರೆ ಮನೆ ಬಿಡುವುದು ರಾತ್ರಿ ಎರಡೂವರೆಗೆ. ಆ ಹೊತ್ತಿನಲ್ಲಿ ಗೊತ್ತಿಲ್ಲದ ಟ್ಯಾಕ್ಸಿಯಲ್ಲಿ ಒಬ್ಬಳೇ ಕೂತು ಮೂವತ್ತು ಕಿಲೋಮೀಟರು ಹೋಗುವ ಭಯವನ್ನು ಯಾವ ಕಂಪನಿಯೂ ಟಿಕೆಟ್ಟಿನ ದರದಲ್ಲಿ ತೋರಿಸುವುದಿಲ್ಲ.

ನಮ್ಮ ಅತ್ತಿಗೆಯ ಪ್ರಸಂಗ ಹೇಳಲೇಬೇಕು. ಭದ್ರಾವತಿಯವರು, ಮುಂಬಯಿಯ ಮಗನ ಮನೆಗೆ ಹೊರಟಿದ್ದರು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಬೆಂಗಳೂರಿನಿಂದ ವಿಮಾನ. ಎಂಟೂಕಾಲಿಗೆಲ್ಲ ಕೌಂಟರಿನಲ್ಲಿ ಪೆಟ್ಟಿಗೆ ಕೊಟ್ಟು ಚೀಟಿ ಪಡೆದ ಮೇಲೆ ಅವರಿಗೆ ನೆನಪಾಯಿತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ! ಎದುರಿಗೇ ಬೋರ್ಡಿನಲ್ಲಿ ಒಂಬತ್ತೂವರೆಗೆ ಇನ್ನೊಂದು ಮುಂಬಯಿ ವಿಮಾನ ಕಾಣುತ್ತಿದೆ. "ನೋಡಮ್ಮಾ, ದುಡ್ಡು ಎಷ್ಟಾದರೂ ಆಗ್ಲಿ, ನನ್ನನ್ನ ಅದಕ್ಕೆ ಹಾಕಿಬಿಡು" ಎಂದರಂತೆ. ಆ ಹುಡುಗಿ ಪಾಪ ಸಮಾಧಾನವಾಗಿಯೇ ಹೇಳಿದಳಂತೆ: "ಆಂಟಿ, ನಿಮ್ಮ ಪೆಟ್ಟಿಗೆ ಒಳಗೆ ಹೋಗಿಬಿಟ್ಟಿದೆ. ಅದನ್ನ ಹುಡುಕಿ ವಾಪಸು ತರಿಸದೆ ನಿಮ್ಮನ್ನ ಬದಲಾಯಿಸೋ ಹಾಗಿಲ್ಲ. ಅಷ್ಟರಲ್ಲಿ ಒಂಬತ್ತೂವರೆಯ ಕೌಂಟರು ಮುಚ್ಚುತ್ತೆ." ಒಳನಾಡಿನ ವಿಮಾನಗಳಿಗೆ ಹೊರಡುವ ಒಂದು ಗಂಟೆ ಮೊದಲೇ ಕೌಂಟರು ಮುಚ್ಚುವುದು ವಾಡಿಕೆ. ಅತ್ತಿಗೆಯ ಕೈಯಲ್ಲಿ ಉಳಿದದ್ದು ಹದಿನೈದು ನಿಮಿಷ.

ಪೆಟ್ಟಿಗೆ ಹಿಂದಿನ ವಿಮಾನದಲ್ಲೇ ಬರಲಿ, ನಾನು ಮುಂಚೆ ಹೋಗುತ್ತೇನೆ ಎಂದರೆ ಏನು ತಪ್ಪು ಎಂದು ನಿಮಗೂ ಅನ್ನಿಸಬಹುದು. ಅದರ ಹಿಂದೆ ಒಂದು ದೊಡ್ಡ ದುಃಖವಿದೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡ್ ಬಳಿಯ ಸಮುದ್ರದ ಮೇಲೆ ಬಾಂಬು ಸಿಡಿದು ನಾಶವಾಯಿತು. ಅದರಲ್ಲಿದ್ದ 329 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಂಬಿದ್ದ ಪೆಟ್ಟಿಗೆಯನ್ನು ಕೆನಡಾದ ವ್ಯಾಂಕೂವರಿನಲ್ಲಿ ಕೊಟ್ಟವನು ತಾನು ಮಾತ್ರ ವಿಮಾನ ಹತ್ತಿರಲಿಲ್ಲ. ಒಡೆಯನಿಲ್ಲದ ಪೆಟ್ಟಿಗೆ ಹಾರಕೂಡದು ಎಂಬ ನಿಯಮವನ್ನು ಲೋಕವೆಲ್ಲ ಬಿಗಿ ಮಾಡಿದ್ದು ಆ ಮೇಲೆ. ಕೌಂಟರಿನ ಹುಡುಗಿ 'ಆಗಲ್ಲ' ಎಂದಾಗ ಸಿಟ್ಟಾಗುವ ಮೊದಲು ಇದನ್ನು ನೆನೆದರೆ ಒಳ್ಳೆಯದು. ದಾರಿಯಲ್ಲಿ ಮನಸ್ಸು ಬದಲಾಯಿಸುವ ಅಭ್ಯಾಸವಿರುವವರು ಕೈಚೀಲವೊಂದನ್ನೇ ಹಿಡಿದು ಹೊರಡಬೇಕು. ಪೆಟ್ಟಿಗೆಯಿದ್ದರೆ ಅದನ್ನು ಕೊಡುವ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಅತ್ತಿಗೆ ಹನ್ನೊಂದರ ವಿಮಾನದಲ್ಲೇ ಹೋದರು. ಹೆದರಿದಿರಾ ಎಂದು ಆಮೇಲೆ ಕೇಳಿದರೆ, "ಯಾಕೆ ಹೆದರಬೇಕು? ಹತ್ತೂವರೆಗೆ ಮುಂಚೇನೇ ಪೆಟ್ಟಿಗೆ ಕೊಟ್ಟಾಗಿತ್ತಲ್ಲ, ಪರಸ್ಥಾನ ಆದ ಹಾಗೇ ಆಯ್ತು" ಎಂದರು! ಒಳ್ಳೆಯ ಗಳಿಗೆಯಲ್ಲಿ ಒಂದು ಗಂಟನ್ನು ಪಕ್ಕದ ಮನೆಯಲ್ಲೋ ದೇವಸ್ಥಾನದಲ್ಲೋ ಇಟ್ಟು ಬಂದು, ಹೊರಡುವಾಗ ತೆಗೆದುಕೊಂಡು ಹೋಗುವ ಪದ್ಧತಿ ನಮ್ಮ ಹಿರಿಯರದು. ಪ್ರಯಾಣ ಬದಲಾಗದಿದ್ದರೂ ಮನಸ್ಸಿನ ಗಡಿಬಿಡಿ ಕಳೆಯಲು ಅವರು ಕಂಡುಕೊಂಡ ಉಪಾಯ. ಬದಲಾವಣೆಯ ಶುಲ್ಕವೂ ಇಲ್ಲ.

ಶುಲ್ಕ ಎಂದೆನಲ್ಲ, ಅದರಲ್ಲೂ ಎರಡು ಪದರವಿದೆ. ಬದಲಾಯಿಸಿದ್ದಕ್ಕೆ ಒಂದು, ಹಳೆಯ ದರಕ್ಕೂ ಆ ದಿನದ ದರಕ್ಕೂ ಇರುವ ವ್ಯತ್ಯಾಸ ಇನ್ನೊಂದು. ಹೆಚ್ಚಿನ ಸಲ ಎರಡನೆಯದೇ ಭಾರ. ಅದಕ್ಕಿಂತ ಮುಖ್ಯವಾದದ್ದು ಟಿಕೆಟ್ಟಿನ ಹೆಣಿಗೆ. ಎರಡು ವಿಮಾನ ಹಿಡಿದು ಹೋಗುವುದಿದ್ದು ಎರಡೂ ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಮುಂದೆ ಕಳಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ಟಾದರೆ ಹೊಣೆ ನಮ್ಮದೇ. ಹಾಗೆಂದು ಒಂದೇ ಟಿಕೆಟ್ಟಿನವರು ಹೇಳದೆ ಕೇಳದೆ ಮೊದಲ ವಿಮಾನ ಬಿಟ್ಟು ಬೇರೆ ಯಾವುದರಲ್ಲೋ ಹೋದರೆ, ಮುಂದಿನದೂ ಸಾಮಾನ್ಯವಾಗಿ ರದ್ದಾಗಿಬಿಡುತ್ತದೆ. ಮಾಲೆಯ ಮೊದಲ ಹೂವನ್ನು ಎಳೆದರೆ ಉಳಿದವೂ ಉದುರಿದ ಹಾಗೆ. ವಿಮಾನವನ್ನು ಕಂಪನಿಯೇ ರದ್ದು ಮಾಡಿದಾಗ ಬೇರೆ ವಿಮಾನವನ್ನೋ ಪೂರ್ತಿ ಹಣವನ್ನೋ ಕೇಳುವ ಹಕ್ಕು ನಮಗಿದೆ. ಆಗ ಗಾಬರಿಯಲ್ಲಿ ನಾವೇ ದುಡ್ಡು ಕಟ್ಟಿ ಬದಲಾಯಿಸಿಕೊಳ್ಳಬಾರದು.

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಪುಣೆಯಲ್ಲಿ ಮೂರು ತಿಂಗಳಿದ್ದೆ. ಹೊರಡುವ ಹಿಂದಿನ ರಾತ್ರಿ ಅಳಿಯ ಫೋನು ಹಿಡಿದು ಬಂದರು. "ಅತ್ತೆ, ಬೆಂಗಳೂರಿಗೆ ಬೆಳಗ್ಗೆ ಬೇಗ ಒಂದು ವಿಮಾನ ಇದೆ, ಸೀಟೂ ಇದೆ, ಬದಲಾಯಿಸಿಬಿಡ್ಲಾ? ಆಫೀಸಿಗೆ ಹೋಗ್ತಾ ನಾನೇ ಬಿಟ್ಟು ಹೋಗ್ತೀನಿ." ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೆ ಬೆಂಗಳೂರಿನಿಂದ ಶಿವಮೊಗ್ಗಕ್ಕಿದ್ದ ನನ್ನ ವಿಮಾನ ಮಧ್ಯಾಹ್ನದ್ದೇ. ಅದೇನೂ ಮುಂಚೆ ಹೊರಡುವುದಿಲ್ಲ.

ನಮ್ಮೂರಿನ ಆನೆ ಬಿಡಾರಕ್ಕೆ ಬೆಂಗಳೂರಿನ ಕೆಲವರು ಆರೂವರೆಗೇ ಬಂದು ನಿಂತು "ಆನೆ ಎಲ್ರೀ?" ಎನ್ನುತ್ತಾರೆ. ಆನೆಗಳು ರಾತ್ರಿ ಕಾಡಿನಲ್ಲಿ ಮೇಯುತ್ತವೆ. ಮಾವುತರು, ಕಾವಾಡಿಗಳು ಹೋಗಿ ಜಾಡು ಹಿಡಿದು ಕರೆತಂದು ತುಂಗೆಯ ಹಿನ್ನೀರಿಗಿಳಿಸುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಇವರು ಬೇಗ ಬಂದರೆಂದು ಆನೆ ಬೇಗ ಸ್ನಾನ ಮಾಡೀತೆ? ಪುಣೆಯಿಂದ ಬೇಗ ಹೊರಟರೆ ನಾನೂ ಹಾಗೆಯೇ ಬೆಂಗಳೂರಿನ ಕುರ್ಚಿಯ ಮೇಲೆ ಕೂರಬೇಕಿತ್ತು, ಅಷ್ಟೇ. ಬೇಗ ಹೊರಟು ಕೂಡಿಸಿದ ಮೂರು ಗಂಟೆ ಎಲ್ಲಿಂದಲೋ ಬರುವುದಲ್ಲ. ಮಗುವಿನ ಎಣ್ಣೆ ನೀರಿನಿಂದ, ಮಗಳಿಗೆ ಕೊನೆಯ ಸಲ ಮಾಡಿಕೊಡುವ ಮೆಣಸಿನ ಸಾರಿನಿಂದ ಕಿತ್ತು ತರಬೇಕು. "ನೀವು ಆಫೀಸಿಗೆ ಹೋಗಿ, ನಾನು ಆಟೋದಲ್ಲಿ ಹೋಗ್ತೀನಿ" ಎಂದೆ. ಆ ಬೆಳಗ್ಗೆ ಮಗುವಿಗೆ ನಾನೇ ನೀರು ಹಾಕಿ, ಲೋಬಾನದ ಹೊಗೆ ಹಿಡಿದು, ತೊಟ್ಟಿಲಿಗೆ ಹಾಕಿ ಬಂದೆ.

ಹಾಗಾದರೆ ಇರುವ ಟಿಕೆಟ್ಟಿನಲ್ಲೇ ಹೋಗುವುದು ಜಾಣತನ ಎನ್ನಬೇಡಿ. 2024ರ ಮಳೆಗಾಲದಲ್ಲಿ ಅಮ್ಮನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು. ಉಸಿರಾಟ ಕಷ್ಟವಾಗಿತ್ತು. ಡಾಕ್ಟರು, "ದೂರದಲ್ಲಿರೋರಿಗೆ ಹೇಳಿಬಿಡಿ" ಎಂದರು. ದೆಹಲಿಯಲ್ಲಿದ್ದ ತಂಗಿ ಮಾರನೆಯ ದಿನಕ್ಕೆ ಟಿಕೆಟ್ಟು ಮಾಡಿಸಿದಳು. ಹತ್ತಕ್ಕೆ ದೆಹಲಿ ಬಿಟ್ಟು ಮುಕ್ಕಾಲು ಒಂದಕ್ಕೆ ಬೆಂಗಳೂರು. ಅಲ್ಲಿಂದ ಒಂದು ಗಂಟೆ ನಲವತ್ತು ನಿಮಿಷಕ್ಕೆ ಶಿವಮೊಗ್ಗದ್ದು. ಎರಡೂ ಬೇರೆ ಬೇರೆ ಟಿಕೆಟ್ಟು. ಕೇಳಲು ಧಾರಾಳವಾಗಿದೆ. ಕೌಂಟರು ಒಂದು ಗಂಟೆ ಮೊದಲು ಮುಚ್ಚುವುದನ್ನು ಕಳೆದರೆ ಉಳಿಯುವುದು ನಲವತ್ತು ನಿಮಿಷ. ಅಷ್ಟರಲ್ಲಿ ಪೆಟ್ಟಿಗೆ ಬರಬೇಕು, ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು, ಟರ್ಮಿನಲ್ ಬೇರೆಯಾದರೆ ಬಸ್ಸು ಹಿಡಿಯಬೇಕು.

ರಾತ್ರಿ ಒಂಬತ್ತಕ್ಕೆ ಫೋನು ಮಾಡಿದಳು. "ಅಕ್ಕಾ, ಬೆಳಗಿನ ಐದೂವರೆಗೆ ಒಂದಿದೆ. ನಾಲ್ಕೂವರೆ ಸಾವಿರ ಜಾಸ್ತಿ. ಏನು ಮಾಡ್ಲಿ?"

ನಾನು ಲೆಕ್ಕ ಹಾಕಿದೆ. ಎಂಟೂಕಾಲಿಗೆ ಬೆಂಗಳೂರಿನಲ್ಲಿದ್ದರೆ ಶಿವಮೊಗ್ಗದ ವಿಮಾನ ತಪ್ಪುವ ಮಾತಿಲ್ಲ. ಸೋಗಾನೆಯ ಮೇಲೆ ಮೋಡ ಕವಿದು ಆ ವಿಮಾನವೇ ರದ್ದಾದರೂ, ಕಾರು ಮಾಡಿಕೊಂಡು ಮುನ್ನೂರು ಕಿಲೋಮೀಟರು ಬಂದು ಕತ್ತಲಾಗುವುದರೊಳಗೆ ಅಮ್ಮನ ಹತ್ತಿರ ಇರಬಹುದು. ನಾಲ್ಕೂವರೆ ಸಾವಿರಕ್ಕೆ ಸಿಗುವುದು ಬರೀ ಬೇಗ ತಲುಪುವುದಲ್ಲ. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿ. "ಬದಲಾಯಿಸು. ಆದರೆ ರಾತ್ರಿ ಒಬ್ಬಳೇ ಟ್ಯಾಕ್ಸಿ ಹತ್ತಬೇಡ" ಎಂದೆ.

ಅವಳ ಯಜಮಾನರು ಊರಿನಲ್ಲಿರಲಿಲ್ಲ. ಹತ್ತು ವರ್ಷದ ಮಗನಿಗೆ ಮಾರನೆಯ ದಿನ ಗಣಿತದ ಪರೀಕ್ಷೆ. ತಿಂಡಿ ತಿನ್ನಿಸಿ, ಮಗ್ಗಿ ಒಂದು ಸಲ ಕೇಳಿ, ಶಾಲೆಯ ಬಸ್ಸಿಗೆ ಹತ್ತಿಸಿಯೇ ಹೊರಡುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದಳು. ಐದೂವರೆಯ ವಿಮಾನಕ್ಕೆ ಬದಲಾಯಿಸಿದ್ದರಿಂದ ಅವನು ಮಲಗಿದ್ದಾಗಲೇ ಹೊರಡಬೇಕಾಯಿತು. ಕೆಳಗಿನ ಮನೆಯ ಪಂಜಾಬಿ ಹೆಂಗಸು ಅಪರಾತ್ರಿಯಲ್ಲಿ ಬಂದು ಹುಡುಗನ ಪಕ್ಕದಲ್ಲಿ ಮಲಗಿದರು. ಅವರ ಯಜಮಾನರು ಇವಳನ್ನು ಕಾರಿನಲ್ಲಿ ನಿಲ್ದಾಣಕ್ಕೆ ಬಿಟ್ಟರು.

ಎಲ್ಲ ಸರಿಯಾಗಿಯೇ ನಡೆಯಿತು. ಎಷ್ಟು ಸರಿಯಾಗಿ ಎಂದರೆ, ಬಿಟ್ಟುಕೊಟ್ಟಿದ್ದ ಹತ್ತು ಗಂಟೆಯ ವಿಮಾನವೂ ಅಂದು ಹೊತ್ತಿಗೆ ಸರಿಯಾಗಿ ಬಂತು. ಸೋಗಾನೆಯ ಮೋಡವೂ ಮಧ್ಯಾಹ್ನ ತೆರೆಯಿತು. "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ನಾಲ್ಕೂವರೆ ಸಾವಿರ" ಎಂದರು ನಮ್ಮನೆಯವರು. ಲೆಕ್ಕಕ್ಕೆ ಅವರ ಮಾತು ಸರಿ. ಆದರೆ ಬಾಗಿಲಿಗೆ ಬೀಗ ಹಾಕಿದ ರಾತ್ರಿ ಕಳ್ಳ ಬರಲಿಲ್ಲವೆಂದು ಬೀಗದ ದುಡ್ಡು ದಂಡವೆನ್ನುತ್ತೇವೆಯೇ? ಬೆಂಗಳೂರಿನ ನಿಲ್ದಾಣದಲ್ಲಿ ಸುಮ್ಮನೆ ಕೂತ ಆ ಆರು ಗಂಟೆ, ಡಾಕ್ಟರ ಮಾತು ಕೇಳಿದ ಮೇಲೆ ತನ್ನ ಎದೆ ಹೊಡೆದುಕೊಳ್ಳದೆ ಇದ್ದ ಮೊದಲ ಹೊತ್ತು ಎಂದು ತಂಗಿ ಹೇಳುತ್ತಾಳೆ.

ಅಮ್ಮ ಆಮೇಲೆ ಹನ್ನೊಂದು ದಿನ ಇದ್ದಳು. ಅಂದು ಸಂಜೆ ತಂಗಿ ಹಾಸಿಗೆಯ ಪಕ್ಕ ಕೂತು ಕೈ ಹಿಡಿದಾಗ ಕಣ್ಣು ಬಿಟ್ಟು ಗುರುತು ಹಿಡಿದಳು. ಯಾವ ವಿಮಾನ, ಎಷ್ಟು ಹೊತ್ತಾಯಿತು, ದುಡ್ಡೆಷ್ಟು ಎಂದು ಕೇಳಲಿಲ್ಲ. ಮೂಗಿನ ನಳಿಕೆಯನ್ನು ಸ್ವಲ್ಪ ಸರಿಸಿಕೊಂಡು ಒಂದೇ ಮಾತು ಕೇಳಿದಳು: "ಹುಡುಗನ್ನ ಯಾರ ಹತ್ರ ಬಿಟ್ಟು ಬಂದ್ಯೇ?"