ಮರಳುಗಾಡಿನಲ್ಲಿ ಎಳ್ಳು-ಬೆಲ್ಲ

ಖರ್ಜೂರ ಎಲ್ರಿಗೂ ತಲುಪಿತಲ್ಲ? ಎದುರುಮನೆ ಅಕ್ಕಂಗೆ, ಭದ್ರಾವತಿ ಚಿಕ್ಕಮ್ಮಂಗೆ, ಹೊಸಮನೆ ಓರಗಿತ್ತಿಗೆ, ನಮ್ಮ ವಿನೋಬನಗರದ ಭಜನೆ ಗುಂಪಿನೋರಿಗೆ ಎಲ್ಲಾ ಕೊಟ್ಟಾಯ್ತು. ಕೊಡುವಾಗ ಎಲ್ರೂ ಕೇಳಿದ್ದು ಎರಡೇ ಪ್ರಶ್ನೆ. ಮರಳುಗಾಡಿಗೆ ಹೋಗಿದ್ರಂತಲ್ಲ, ಹೆಂಗಿತ್ತು ಅಂತ ಒಂದು. ಇನ್ನೊಂದು ಬಾಯಿಬಿಟ್ಟು ಕೇಳಲಿಲ್ಲ, ಮೇಲಿನ ಮಾಳಿಗೆ ಕಡೆ ಕಣ್ಣು ಹಾಯಿಸಿ ಸುಮ್ಮನಾದ್ರಿ. ಎರಡಕ್ಕೂ ಒಟ್ಟಿಗೇ ಇಲ್ಲಿ ಬರೆದುಬಿಡ್ತೀನಿ. ಎರಡೂ ಒಂದೇ ಕಥೆ.

ಮಗಳ ಮನೆ ಅಬುಧಾಬಿಯಲ್ಲಿ ಇದ್ದಿದ್ದು ನಿಮಗೆ ಗೊತ್ತು. ನಾನು ಮೊದಲ ಸಲ ಹೋಗಿದ್ದು ಬಾಣಂತನಕ್ಕೆ. ಆ ಮೂರು ತಿಂಗಳಲ್ಲಿ ನಾನು ನೋಡಿದ್ದು ಅಡುಗೆಮನೆ, ಬಚ್ಚಲುಮನೆ ಮತ್ತೆ ಹದಿನಾಲ್ಕನೇ ಮಹಡಿಯ ಕಿಟಕಿ. ಮಗು ನೀರು ಹಾಕಿ, ಸಾಂಬ್ರಾಣಿ ಹಾಕಿ, ಮಗಳಿಗೆ ಮೆಣಸಿನ ಸಾರು ಮಾಡಿ ವಾಪಸ್ ಬಂದೆ. ಅದು ಮಗಳ ಮನಸ್ಸಲ್ಲಿ ಉಳಿದಿತ್ತಂತೆ. ಹಂಗಾಗಿ ಈ ಜನವರಿಗೆ ನಾನು ಬರ್ತೀನಿ ಅಂದ ಕೂಡ್ಲೇ ಅಳಿಯಂದ್ರ ಹತ್ರ ಹೇಳಿ ಮೂರು ದಿನದ ಟೂರ್ ಬುಕ್ ಮಾಡ್ಸಿದ್ಲು. ನಮಗೆ ಮಾತ್ರ ಅಂತ ಒಂದು ಕಾರು, ಒಬ್ಬ ಡ್ರೈವರು, ಒಂದು ರಾತ್ರಿ ಹೋಟೆಲು, ಒಂದು ರಾತ್ರಿ ಮರಳಿನ ಮಧ್ಯ ಡೇರೆ. ನಮ್ಮನೆಯೋರು ಬರಲಿಲ್ಲ. ನಮ್ಮತ್ತೆಗೆ 86, ಅವರನ್ನ ಬಿಟ್ಟು ಬರೋ ಹಾಗಿಲ್ಲ.

ರೇಟು ಕೇಳ್ಬೇಡ ಅಂದಿದ್ಲು ಮಗಳು. ನಾನು ಬಿಡ್ತೀನಾ? ಮೇಜಿನ ಮೇಲೆ ಇದ್ದ ಚೀಟಿ ನೋಡಿದೆ. 3,200 ದಿರ್ಹಮ್. ಒಂದಕ್ಕೆ 23 ರೂಪಾಯಿ ಅಂತ ಹಿಡಿದ್ರೂ 73,600. ನನ್ನೆದೆ ಝಲ್ ಅಂತು. ಆದ್ರೂ ದುಡಿಯೋ ಮಕ್ಕಳು, ಆಸೆಪಟ್ಟು ಕರ್ಕೊಂಡು ಹೋಗ್ತಾರೆ ಅಂತ ಸುಮ್ಮನಾದೆ.

ಓಯಸಿಸ್ ಅಂದ್ರೆ ನನ್ನ ತಲೇಲಿ ಇದ್ದಿದ್ದು ಏಳನೇ ಕ್ಲಾಸಿನ ಸಮಾಜ ಪುಸ್ತಕದ ಚಿತ್ರ. ಒಂದು ಹೊಂಡ, ಎರಡು ಮರ, ಒಂದು ಒಂಟೆ. ಮೊದಲನೇ ದಿನ ಅಲ್ ಐನ್‌ಗೆ ಹೋದಾಗ ಆ ಚಿತ್ರ ಹರಿದು ಬಿಸಾಕಿದೆ. ಅದು ಹೊಂಡ ಅಲ್ಲ ಮಾರಾಯ್ತಿ, ತೋಟ! ಸುಮಾರು 3,000 ಎಕರೆ, 1,47,000ಕ್ಕೂ ಹೆಚ್ಚು ಖರ್ಜೂರದ ಮರ. ಎರಡೂ ಕಡೆ ಮಣ್ಣಿನ ಗೋಡೆ, ಮಧ್ಯ ನಡೆಯೋಕೆ ದಾರಿ, ಮೇಲೆ ಗರಿಗಳ ಚಪ್ಪರ. ಒಳಗೆ ಕಾಲಿಟ್ಟ ತಕ್ಷಣ ತಂಪು. ತೀರ್ಥಹಳ್ಳಿ ಕಡೆ ಅಡಿಕೆ ತೋಟಕ್ಕೆ ಇಳಿದಾಗ ಮೈಗೆ ತಾಗುತ್ತಲ್ಲ, ಅದೇ ತಂಪು. 2011ರಲ್ಲಿ ಯುನೆಸ್ಕೋದವರು ಅಲ್ ಐನ್‌ನ ಇಂಥ ತೋಟಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದ್ದಾರೆ. ‘ಐನ್’ ಅಂದ್ರೆ ಅರಬ್ಬಿಯಲ್ಲಿ ನೀರಿನ ಒರತೆ ಅಂತ.

ಇದನ್ನೆಲ್ಲ ಹೇಳಿದ್ದು ನಮ್ಮ ಡ್ರೈವರ್. ಕಾಸರಗೋಡಿನೋರು, ಅಲ್ಲಿಗೆ ಹೋಗಿ 22 ವರ್ಷ ಆಯ್ತಂತೆ. ನಾನು ಮಗಳ ಹತ್ರ ಕನ್ನಡ ಮಾತಾಡಿದ್ದು ಕೇಳಿದ್ದೇ ತಡ, “ಅಮ್ಮ, ನಾವೂ ಕನ್ನಡದವ್ರೇ ಅಲ್ವಾ” ಅಂದ್ರು. ಆಮೇಲೆ ಮೂರು ದಿನ ಕಾರಿನಲ್ಲಿ ನಮ್ಮಿಬ್ಬರದ್ದೇ ಮಾತು.

ತೋಟಕ್ಕೆ ನೀರು ಬರೋದು ಫಲಜ್ ಅನ್ನೋ ಕಾಲುವೆಯಲ್ಲಿ. ದೂರದ ಬೆಟ್ಟದ ಬುಡದಲ್ಲಿ ಭೂಮಿ ಒಳಗಿನ ನೀರಿಗೆ ಸುರಂಗ ಕೊರೆದು, ಒಂದಿಷ್ಟೇ ಇಷ್ಟು ಇಳಿಜಾರು ಕೊಟ್ಟು, ಪಂಪಿಲ್ಲದೆ ತೋಟದ ತನಕ ಹರಿಸ್ತಿದ್ರು. ಆ ಭಾಗದಲ್ಲಿ ಸುಮಾರು 3,000 ವರ್ಷದ ಹಿಂದೇನೇ ಈ ಉಪಾಯ ಇತ್ತಂತೆ. ನೀರು ಯಾರ ತೋಟಕ್ಕೆ ಎಷ್ಟು ಹೊತ್ತು ಅಂತ ಪಾಳಿ. ಪಾಳಿ ನೋಡ್ಕೊಳ್ಳೋನಿಗೆ ಅರೀಫ್ ಅಂತಾರೆ. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ನೆರಳು ಅಳೆದು, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಇಡ್ತಿದ್ರಂತೆ. ಭದ್ರಾವತಿಯಲ್ಲಿ ಕ್ವಾರ್ಟರ್ಸ್‌ನಲ್ಲಿದ್ದಾಗ ನಾವು ಬೀದಿ ನಲ್ಲಿ ಮುಂದೆ ಕೊಡದಲ್ಲಿ ಪಾಳಿ ಹಚ್ಚಿ ಜಗಳ ಆಡ್ತಿದ್ದದ್ದು ನೆನಪಾಗಿ ನಗು ಬಂತು. ನಮಗೊಬ್ಬ ಅರೀಫ್ ಇದ್ದಿದ್ರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಇನ್ನೊಂದು ವಿಷಯ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಹೂವಿನ ಎಸಳು ತಂದು, ಮರ ಹತ್ತಿ, ಹೆಣ್ಣು ಹೂಗೊನೆ ಒಳಗೆ ಕೈಯಾರೆ ಸಿಕ್ಕಿಸಬೇಕು. ಐವತ್ತು ಹೆಣ್ಣಿಗೆ ಒಂದು ಗಂಡು ಸಾಕಂತೆ. ಬೀಜ ಹಾಕಿ ಬೆಳೆಸೋದು ಕಡಿಮೆ, ತಾಯಿ ಬುಡದಲ್ಲಿ ಬಂದ ಮರಿ ಕಿತ್ತು ನೆಡ್ತಾರೆ, ನಮ್ಮ ಬಾಳೆಕಂದಿನ ಥರ. “ಮರಿ ತಾಯಿ ಹತ್ರಾನೇ ನಾಲ್ಕಾರು ವರ್ಷ ಇದ್ದು ಬೇರು ಬಿಟ್ಟ ಮೇಲೇ ಬೇರೆ ಕಡೆ ನೆಡೋದು ಅಮ್ಮ” ಅಂದ್ರು ಡ್ರೈವರ್.

ಎರಡನೇ ದಿನ ಲಿವಾ ಕಡೆ ಹೊರಟ್ವಿ. ಗಂಟೆಗಟ್ಟಲೆ ದಾರಿ. ಕಣ್ಣಿಗೆ ಒಂದೂ ಹಸಿರಿಲ್ಲ. ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಇಲ್ಲದ ನಾಡು. ನಮ್ಮ ಆಗುಂಬೆಯಲ್ಲಿ 7,000 ದಾಟುತ್ತೆ ಅಂದ್ರೆ ಡ್ರೈವರ್ ನಂಬಲಿಲ್ಲ. ಆಮೇಲೆ ಮರಳಿನ ಗುಡ್ಡಗಳು ಶುರುವಾದ್ವು. ಅದರ ತಗ್ಗುಗಳಲ್ಲಿ ಇದ್ದಕ್ಕಿದ್ದ ಹಾಗೆ ತೋಟ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 100 ಕಿಲೋಮೀಟರ್ ಉದ್ದಕ್ಕೆ, ಅರ್ಧ ಚಂದ್ರನ ಹಾಗೆ, ಅಲ್ಲೊಂದು ಇಲ್ಲೊಂದು ಊರು. ದಕ್ಷಿಣಕ್ಕೆ ರುಬ್ ಅಲ್ ಖಾಲಿ, ಅಂದ್ರೆ ಬರಿದಾದ ಕಾಲುಭಾಗ. ಅದರೊಳಗೆ ಮರಳು ಬಿಟ್ಟರೆ ಮರಳು. ಈಗಿನ ಅಬುಧಾಬಿ ದೊರೆಗಳ ಮೂಲ ಈ ಲಿವಾನೇ ಅಂತೆ. 1761ರಲ್ಲಿ ಅಬುಧಾಬಿ ದ್ವೀಪದಲ್ಲಿ ಸಿಹಿನೀರು ಸಿಕ್ಕಿತು, ಆಮೇಲೆ ಅವರು ಸಮುದ್ರದ ಕಡೆ ಹೋದ್ರು.

ದಾರಿಯಲ್ಲಿ ಅಳಿಯಂದ್ರು ಒಂದು ವಿಷಯ ಹೇಳಿದ್ರು. ಅವರ ಕೆಲಸ ನೀರಿನ ಪೈಪಿಂದು. ಲಿವಾದ ಮರಳಿನ ಕೆಳಗೆ ದೊಡ್ಡ ನೀರಿನ ಕಣಜ ಮಾಡಿಟ್ಟಿದ್ದಾರಂತೆ. ಸಮುದ್ರದ ನೀರನ್ನ ಸಿಹಿ ಮಾಡಿ, ಪೈಪಲ್ಲಿ ತಂದು, 27 ತಿಂಗಳು ಮರಳಿನೊಳಗೆ ಇಂಗಿಸಿದ್ರಂತೆ. 2018ರಲ್ಲಿ ಪೂರ್ತಿ ಆಯ್ತು. 2,600 ಕೋಟಿ ಲೀಟರ್! ಏನಾದ್ರೂ ಆಪತ್ತು ಬಂದ್ರೆ ಹತ್ತು ಲಕ್ಷ ಜನಕ್ಕೆ, ದಿನಕ್ಕೆ ತಲೆಗೆ 180 ಲೀಟರಿನ ಲೆಕ್ಕದಲ್ಲಿ, 90 ದಿನ ಕೊಡಬಹುದಂತೆ.

“ನಮ್ಮ ಸಾಸಿವೆ ಡಬ್ಬಿ ದುಡ್ಡಿನ ಹಾಗೆ” ಅಂದೆ ನಾನು.

“ಹೌದು ಅತ್ತೆ. ಮೂರು ತಿಂಗಳಿಗೆ ಆಗುತ್ತೆ. ಆಮೇಲಿಂದು ಆಮೇಲೆ” ಅಂದು ಕಿಟಕಿ ಆಚೆ ನೋಡಿದ್ರು. ನಾನು ನೀರಿನ ಮಾತೇ ಅಂದ್ಕೊಂಡೆ.

ಸಂಜೆ ಡೇರೆ ಹತ್ರ ಬೆಂಕಿ ಹಾಕಿದ್ರು. ಹಗಲು ಸೆಖೆ, ರಾತ್ರಿ ಹಲ್ಲು ಕಡಿಯೋ ಚಳಿ. ಹೋಗೋರು ಸ್ವೆಟರ್, ಕಾಲುಚೀಲ ಮರೀಬೇಡಿ. ನಾನು ಶಾಲು ಹೊದ್ದು ಅದರ ಮೇಲೆ ಮಗಳ ಜಾಕೆಟ್ ಹಾಕ್ಕೊಂಡು ಕೂತೆ. ಮನೆಯಿಂದ ತಂದ ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ರಿಗೂ ಕೊಟ್ಟೆ. ಅವಲಕ್ಕಿಯಲ್ಲೂ ಮರಳು, ಕರಕರ. ಮೊಮ್ಮಗಳು ಪುಟ್ಟಿ ಅದಕ್ಕೂ ನಕ್ಕಿದ್ದೇ ನಕ್ಕಿದ್ದು.

ಬೆಂಕಿ ಮುಂದೆ ಡ್ರೈವರ್ ಹಳೇ ಕಥೆ ತೆಗೆದ್ರು. ಎಣ್ಣೆ ಸಿಗೋ ಮುಂಚೆ ಈ ಊರ ಗಂಡಸ್ರು ಬೇಸಿಗೆ ಬಂದ್ರೆ ಮುತ್ತು ತೆಗೆಯೋಕೆ ಸಮುದ್ರಕ್ಕೆ ಹೋಗ್ತಿದ್ರಂತೆ. ಆ ಮುತ್ತು ಬಹಳಷ್ಟು ಬರ್ತಿದ್ದದ್ದು ನಮ್ಮ ಬೊಂಬಾಯಿಗೆ. 1966ರ ತನಕ ಅಲ್ಲಿ ನಡೀತಿದ್ದದ್ದೂ ನಮ್ಮ ರಿಸರ್ವ್ ಬ್ಯಾಂಕಿನ ರೂಪಾಯಿಯೇ. 1930ರ ಆಸುಪಾಸಿನಲ್ಲಿ ಜಪಾನಿನವರು ಸಾಕಿ ಬೆಳೆಸಿದ ಮುತ್ತು ಬಂತು, ಪ್ರಪಂಚದ ತುಂಬಾ ದುಡ್ಡಿನ ಮುಗ್ಗಟ್ಟೂ ಬಂತು. ಮುತ್ತಿನ ವ್ಯಾಪಾರ ಬಿದ್ದೇ ಹೋಯ್ತು. “ಒಂದೇ ಸಲ ಎಲ್ರ ಕೆಲಸ ಹೋಯ್ತು ಅಮ್ಮ. ಖರ್ಜೂರ, ಒಂಟೆ ಹಾಲು ಇದ್ದವ್ರು ಹೇಗೋ ಉಸಿರು ಹಿಡ್ಕೊಂಡ್ರು. 1958ರಲ್ಲಿ ಎಣ್ಣೆ ಸಿಕ್ಕಿದ್ದು, ಅಷ್ಟು ವರ್ಷ ಹಾಗೇ.”

ಅಳಿಯಂದ್ರು ಎದ್ದು ಕತ್ತಲೆ ಕಡೆ ನಡ್ಕೊಂಡು ಹೋದ್ರು. ಆಗ ನನಗೆ ಒಂದು ವಿಷಯ ಹೊಳೀತು. ಎರಡು ದಿನದಿಂದ ಅವರ ಫೋನು ಒಂದು ಸಲಾನೂ ಬಡ್ಕೊಂಡಿಲ್ಲ. ಬಾಣಂತನಕ್ಕೆ ಹೋದಾಗ ಊಟದ ತಟ್ಟೆ ಮುಂದೆ ಕೂತ್ರೂ ಆ ಫೋನು ಬಿಡ್ತಿರಲಿಲ್ಲ.

ಮಗು ಮಲಗಿದ ಮೇಲೆ ಮಗಳು ಹೇಳಿದ್ಲು. ಡಿಸೆಂಬರಿನಲ್ಲೇ ಕೆಲಸ ಹೋಗಿದೆ. ಇವರೊಬ್ಬರಲ್ಲ, ಇವರ ಜೊತೆ ಸುಮಾರು ಜನ. ಬೇರೆ ಕಡೆ ಹುಡುಕ್ತಿದಾರೆ. ಸಿಗದಿದ್ರೆ ಏಪ್ರಿಲ್ ಹೊತ್ತಿಗೆ ಮನೆ ಖಾಲಿ ಮಾಡಿ ಊರಿಗೆ.

ಈಗ ನಾನು ನಿಜ ಹೇಳ್ಬೇಕು. ನನಗೆ ಮೊದಲು ಬಂದಿದ್ದು ಅಳಿಯಂದ್ರ ಮೇಲೆ ಕನಿಕರ ಅಲ್ಲ, ಮಗಳ ಸಂಕಟವೂ ಅಲ್ಲ. ನೀವೆಲ್ಲ ಏನಂತೀರಿ ಅನ್ನೋ ಯೋಚನೆ. ಒಂಬತ್ತು ವರ್ಷ ‘ನಮ್ಮಳಿಯ ಅಬುಧಾಬಿ’ ಅಂತ ಪ್ರತೀ ಮದ್ವೆ ಮನೇಲಿ ಹೇಳಿದ ಬಾಯಿ ಇದು. ಎರಡನೇದು ಸಿಟ್ಟು. “ಹಂಗಾದ್ರೆ ಈ ಎಪ್ಪತ್ತಮೂರು ಸಾವಿರದ ಟೂರ್ ಯಾರ ತಲೆಗೆ ಬೇಕಿತ್ತು? ನಾನೇನು ಕೇಳಿದ್ನಾ?” ಅಂತ ರೇಗಿದೆ.

ಮಗಳು ಸಣ್ಣ ದನಿಯಲ್ಲಿ, “ನವೆಂಬರಿನಲ್ಲೇ ಕಟ್ಟಿದ್ದು ಅಮ್ಮ, ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ. ಇನ್ನೊಂದ್ಸಲ ನಿನ್ನ ಇಲ್ಲಿಗೆ ಕರೆಸೋಕೆ ಆಗುತ್ತೋ ಇಲ್ವೋ ಅಂತ ಇವ್ರೇ ಹೋಗೋಣ ಅಂದ್ರು” ಅಂದ್ಲು. ಆಮೇಲೆ ಆ ಕಡೆ ಹೊರಳಿ ಮಲಗಿದ್ಲು. ಅಳ್ತಿದ್ಲೋ ಏನೋ, ನಾನು ಮುಟ್ಟಿ ನೋಡ್ಲಿಲ್ಲ.

ನನಗೆ ನಿದ್ದೆ ಬರಲಿಲ್ಲ. ಹೊರಗೆ ಬಂದು ಕೂತೆ. ಸದ್ದೇ ಇಲ್ಲ. ನಮ್ಮ ಕಡೆ ರಾತ್ರಿ ಅಂದ್ರೆ ಕಪ್ಪೆ, ಜೀರುಂಡೆ, ನಾಯಿ ಏನಾದ್ರೂ ಇರುತ್ತೆ. ಅಲ್ಲಿ ನನ್ನ ಉಸಿರೇ ನನಗೆ ಕೇಳ್ತಿತ್ತು. ನೆನಪಾಗಿದ್ದು ನಮ್ಮನೆಯೋರದ್ದು. ಮಗಳಿಗೆ ಆರು ವರ್ಷ ಆಗ. ಅವರ ಕಾರ್ಖಾನೆಯಲ್ಲಿ ಕೆಲಸ ಹೋಗಿತ್ತು, ನನಗೆ ಹೇಳಿರಲಿಲ್ಲ. ಹನ್ನೊಂದು ದಿನ ದಿನಾ ಬೆಳಗ್ಗೆ ನಾನು ಕಟ್ಟಿಕೊಟ್ಟ ಟಿಫನ್ ಡಬ್ಬಿ ಹಿಡ್ಕೊಂಡು ಹೋಗಿ ಭದ್ರಾ ಹೊಳೆ ದಂಡೇಲಿ ಕೂತು ಸಂಜೆ ಬರ್ತಿದ್ರು. ಪಕ್ಕದ ಕ್ವಾರ್ಟರ್ಸಿನೋರು ಹೇಳಿ ನನಗೆ ಗೊತ್ತಾಗಿದ್ದು. ಆ ದಿನ ನಾನು ಅವರಿಗೆ ಒಂದು ಮಾತೂ ಅನ್ನಲಿಲ್ಲ, ಊಟ ಬಡಿಸಿದೆ ಅಷ್ಟೇ. ಇಪ್ಪತ್ತಾರರ ವಯಸ್ಸಲ್ಲಿ ಇದ್ದ ಬುದ್ಧಿ ಐವತ್ತಾರಕ್ಕೆ ಎಲ್ಲಿಗೆ ಹೋಯ್ತು?

ಬೆಳಗಾದ್ರೆ ಸಂಕ್ರಾಂತಿ. ಚೀಲದಲ್ಲಿ ಎಳ್ಳು-ಬೆಲ್ಲ ಇತ್ತು, ಕೊಬ್ಬರಿ ನಾನೇ ಹೆಚ್ಚಿದ್ದು, ಸಕ್ಕರೆ ಅಚ್ಚು ಗಾಂಧಿ ಬಜಾರಿಂದ ತಗೊಂಡಿದ್ದು. ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡು ಅಂತ ನಾವೇ ಮನೆಮನೆಗೆ ಬೀರ್ತೀವಿ. ಹಬ್ಬದ ಹಿಂದಿನ ರಾತ್ರಿಯೇ ನಾನು ಕೆಟ್ಟ ಮಾತಾಡಿದ್ದೆ. ಸೂರ್ಯ ಹುಟ್ಟೋ ಹೊತ್ತಿಗೆ ಅಳಿಯಂದ್ರು ಮರಳಿನ ಮೇಲೆ ಒಬ್ರೇ ಕೂತಿದ್ರು. ಹೋಗಿ ಕೈಗೆ ಹಾಕಿದೆ. “ತಿನ್ನಿ. ಮಾಳಿಗೆ ಮೇಲೆ ಎರಡು ರೂಮು ಖಾಲಿನೇ ಇದೆ. ನಿಮ್ಮ ಮಾವ ಒಬ್ರೇ ಟಿವಿ ನೋಡಿ ಬೇಜಾರಾಗಿದಾರೆ” ಅಂದೆ. ಅದಕ್ಕಿಂತ ದೊಡ್ಡ ಮಾತು ನನಗೆ ಬರಲಿಲ್ಲ. ಅವರು ತಲೆ ಆಡ್ಸಿದ್ರು, ಎಳ್ಳು ಬಾಯಿಗೆ ಹಾಕ್ಕೊಂಡ್ರು. ಆಮೇಲೆ ಮಗಳಿಗೆ ಕೊಟ್ಟೆ. ಅವಳು ಮೊದಲು ಮುಖ ತಿರುಗಿಸಿದ್ಲು, ಆಮೇಲೆ ಸಕ್ಕರೆ ಅಚ್ಚು ಮಾತ್ರ ಆರಿಸ್ಕೊಂಡ್ಲು, ಚಿಕ್ಕವಳಿದ್ದಾಗ ಮಾಡ್ತಿದ್ದ ಹಾಗೇ. ಡ್ರೈವರಿಗೂ ಕೊಟ್ಟೆ. ಅವರು ಹೆಂಡತಿನ ನೋಡೋದು ಎರಡು ವರ್ಷಕ್ಕೊಂದು ಸಲ ಅಂತೆ.

ಮೂರನೇ ದಿನ ಮೊರೀಬ್ ಅನ್ನೋ ಮರಳಿನ ಗುಡ್ಡ ನೋಡಿದ್ವಿ. ಸುಮಾರು 300 ಮೀಟರ್ ಎತ್ತರ, ಗೋಡೆ ನಿಲ್ಲಿಸಿದ ಹಾಗಿದೆ. ಪುಟ್ಟಿ ನಾಲ್ಕು ಹೆಜ್ಜೆ ಹತ್ತಿದ್ರೆ ಮೂರು ಹೆಜ್ಜೆ ಜಾರ್ತಿದ್ಲು. ವಾಪಸ್ ಬರುವಾಗ ನಮ್ಮನೆಯೋರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮೇಲಿನ ರೂಮಿಗೆ ಸುಣ್ಣ ಹೊಡಿಸ್ತೀನಿ” ಅಂದ್ರು.

ಏಪ್ರಿಲ್‌ನಲ್ಲಿ ಬಂದ್ರು, ನೀವು ನೋಡಿದ್ರಿ. ನನ್ನ ಬಳೆಗೆ ಅಂತ ಕಟ್ಟಿದ್ದ ಚೀಟಿ ದುಡ್ಡು ಪುಟ್ಟಿ ಸ್ಕೂಲಿನ ಫೀಸಿಗೆ ಹೋಯ್ತು. ಮಗಳು ಬಿ.ಕಾಂ. ಓದಿದ್ದಾಳೆ, ಮೇಲಿನ ರೂಮಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟ್ಸ್ ಹೇಳ್ಕೊಡ್ತಿದ್ದಾಳೆ, ಈಗ ಏಳು ಜನ ಬರ್ತಾರೆ. ಅಳಿಯಂದ್ರು ವಾರಕ್ಕೊಂದು ಸಲ ಇಂಟರ್ಸಿಟಿ ಹತ್ತಿ ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗ್ತಾರೆ. ಇನ್ನೂ ಸಿಕ್ಕಿಲ್ಲ. ಸಂಜೆ ನಮ್ಮನೆಯೋರು ಅವರನ್ನ ತುಂಗಾ ದಂಡೆ ತನಕ ವಾಕಿಂಗ್ ಕರ್ಕೊಂಡು ಹೋಗ್ತಾರೆ. ಇಬ್ರೂ ಏನು ಮಾತಾಡ್ತಾರೋ ನಾನು ಕೇಳಿಲ್ಲ.

ಹಂಗಾಗಿ ನಿಮ್ಮಲ್ಲೊಂದು ವಿನಂತಿ. ಗೇಟಿನ ಹತ್ರ ನಿಂತು ಮಗಳನ್ನ “ಯಾವಾಗಮ್ಮ ವಾಪಸ್ ಹೋಗೋದು?” ಅಂತ ಕೇಳ್ಬೇಡಿ. ಒಳಗೆ ಬನ್ನಿ, ಕಾಫಿ ಕುಡಿಯಿರಿ. ಏನು ಕೇಳೋದಿದ್ರೂ ನನ್ನನ್ನ ಕೇಳಿ, ಹೇಳ್ತೀನಿ. ಯಾರಿಗಾದ್ರೂ ನೀರಿನ ಪೈಪಿನ ಕೆಲಸ ಗೊತ್ತಿರೋ ಇಂಜಿನಿಯರ್ ಬೇಕು ಅಂತ ಗೊತ್ತಾದ್ರೆ, ಅದನ್ನೂ ಹೇಳಿ.

ಖರ್ಜೂರ ಇನ್ನೂ ಒಂದು ಡಬ್ಬಿ ಇದೆ. ಸಿಗದೇ ಇದ್ದೋರು ಬಂದು ತಗೊಂಡು ಹೋಗಿ.